ಸಂತ ಅಲ್ಫೋನ್ಸ್ ಲಿಗೋರಿ: ಎರಡು ಕಾಗದಗಳ ನಡುವಿನ ಬಾಳು

ಪ್ರತಿ ವರ್ಷ ಆಗಸ್ಟ್ 1ರಂದು ಕಥೋಲಿಕ ಧರ್ಮಸಭೆಯು ಸಂತ ಅಲ್ಫೋನ್ಸ್ ಮರಿಯ ಲಿಗೋರಿಯವರ ಹಬ್ಬವನ್ನು ಆಚರಿಸುತ್ತದೆ. ತಪಸ್ಸುಕಾಲದಲ್ಲಿ ಲೋಕದ ಅನೇಕ ದೇವಾಲಯಗಳಲ್ಲಿ ಶಿಲುಬೆ ಹಾದಿಯ ಭಕ್ತಿಗೆ ಬಳಕೆಯಾಗುವ ಧ್ಯಾನಗಳನ್ನು ಬರೆದವರು ಅವರು. ಪಾಪನಿವೇದನೆ ಕೇಳುವ ಗುರುಗಳಿಗೆ ಅವರು ಪಾಲಕ ಸಂತರು. ರಿಡೆಂಪ್ಟರಿಸ್ಟ್ ಸಭೆಯನ್ನು ಸ್ಥಾಪಿಸಿದವರೆಂಬುದನ್ನು ಬೆಂಗಳೂರಿನಲ್ಲಿ ಆ ಸಭೆಯ ಗುರುಗಳನ್ನು ಬಲ್ಲ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಇದೇ ಸಂತರು ಒಂದು ಕಾಲಕ್ಕೆ ಕಪ್ಪು ನಿಲುವಂಗಿ ತೊಟ್ಟು ನ್ಯಾಯಾಲಯದಲ್ಲಿ ವಾದಿಸಿದ ವಕೀಲರಾಗಿದ್ದರೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬಂದರೂ ಅವರು ಸೋತ ಒಂದು ಮೊಕದ್ದಮೆಯ ಕಥೆಯನ್ನಷ್ಟೇ ಪ್ರಸಂಗಗಳಲ್ಲಿ ಹೇಳಿ ಮುಗಿಸುತ್ತೇವೆ.

ಪರೀಕ್ಷೆಯ ದಿನಗಳು ಸಮೀಪಿಸಿದಾಗ ಆಶೀರ್ವಾದ ಬೇಡಿ ಗುರುನಿವಾಸಕ್ಕೆ ಬರುವ ಯುವಜನರಲ್ಲಿ ಕಾನೂನು ಓದುವವರೂ ಇರುತ್ತಾರೆ. ಅವರ ಕೈಯಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಇಳಿದು ಬಂದ ನೋಟ್ಸಿನ ಝೆರಾಕ್ಸ್ ಕಟ್ಟು ಇರುತ್ತದೆ. ಇತ್ತೀಚೆಗೆ ಅದು ಮೊಬೈಲಿನೊಳಗೇ ಇರುವುದೂ ಉಂಟು. ಹಾಳೆಯ ತುಂಬ ಹಳದಿ ಗೆರೆ. ಎಷ್ಟು ಸಲ ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲವೆಂಬುದು ಅವರ ಅಳಲು. ಅಂಥವರನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ಅಲ್ಫೋನ್ಸರು. ಓದಿನಲ್ಲಿ ಅವರಷ್ಟು ಶ್ರಮಪಟ್ಟವರು ವಿರಳ; ಓದಿಯೂ ಕಾಣದೆ ಹೋದುದಕ್ಕೆ ಅವರಷ್ಟು ಬೆಲೆ ತೆತ್ತವರೂ ವಿರಳ.

ಅಲ್ಫೋನ್ಸರು ಹುಟ್ಟಿದ್ದು 1696ರ ಸೆಪ್ಟೆಂಬರ್ 27ರಂದು, ಇಟಲಿಯ ನೇಪಲ್ಸ್ ನಗರದ ಹೊರವಲಯದ ಮರಿಯನೆಲ್ಲ ಎಂಬಲ್ಲಿ. ತಂದೆ ಜುಸೆಪ್ಪೆ ಲಿಗೋರಿ ರಾಜನೌಕಾಪಡೆಯ ಅಧಿಕಾರಿ, ಶಿಸ್ತಿನ ಮನುಷ್ಯ, ಮಗನ ವಿಷಯದಲ್ಲಿ ಮಹತ್ವಾಕಾಂಕ್ಷಿ. ತಾಯಿ ಅನ್ನಾ ಕವಲಿಯೆರಿ ಪ್ರಾರ್ಥನಾಶೀಲ ಗೃಹಿಣಿ. ಕುಲೀನ ಮನೆತನಗಳ ವಾಡಿಕೆಯಂತೆ ಹಿರಿಯ ಮಗನಾದ ಅಲ್ಫೋನ್ಸನಿಗೆ ಶಾಲೆಯಿಲ್ಲ. ಉಪಾಧ್ಯಾಯರೇ ಮನೆಗೆ ಬಂದು ಭಾಷೆ, ಗಣಿತ, ತತ್ತ್ವಶಾಸ್ತ್ರಗಳನ್ನು ಕಲಿಸಿದರು. ಸಂಗೀತಾಭ್ಯಾಸಕ್ಕೆ ದಿನಕ್ಕೆ ಮೂರು ಗಂಟೆ ಮೀಸಲು. ಆ ಮೂರು ಗಂಟೆಯೂ ಗುರುಶಿಷ್ಯರಿಬ್ಬರನ್ನೂ ಕೋಣೆಯಲ್ಲಿ ಕೂಡಿ ತಂದೆ ಬೀಗ ಹಾಕುತ್ತಿದ್ದರಂತೆ. ಕಠೋರವೆನಿಸಬಹುದು. ಆದರೆ ಹದಿಮೂರನೆಯ ವಯಸ್ಸಿಗೆ ಹುಡುಗ ಪಳಗಿದ ವಾದಕನಂತೆ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದನು. ಇಟಲಿಯ ಮನೆಮನೆಗಳಲ್ಲಿ ಕ್ರಿಸ್ತಜಯಂತಿಯಂದು ಇಂದಿಗೂ ಹಾಡುವ ಗೀತೆಯೊಂದನ್ನು ಅವರು ಮುಂದೆ ರಚಿಸಿದ್ದು ಈ ಬೀಗದ ಫಲವೆಂದು ತಂದೆಯವರ ಪರವಾಗಿ ಹೇಳಬಹುದೇನೋ.

1708ರಲ್ಲಿ, ಇನ್ನೂ ಹನ್ನೆರಡರ ವಯಸ್ಸಿನಲ್ಲಿ, ಅಲ್ಫೋನ್ಸರು ನೇಪಲ್ಸ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ವ್ಯಾಸಂಗಕ್ಕೆ ಸೇರಿದರು. ಕಾನೂನು ವಿಭಾಗವನ್ನು ಪ್ರವೇಶಿಸಬೇಕಾದವರು ಮೊದಲು ವಾಗ್ಮಿತಾಶಾಸ್ತ್ರದಲ್ಲಿ ಯೋಗ್ಯರೆಂದು ಪ್ರಮಾಣಪತ್ರ ಪಡೆಯಬೇಕಿತ್ತು. ಆ ಪೀಠದಲ್ಲಿ 1699ರಿಂದ ಕುಳಿತಿದ್ದವರು ಜಂಬತ್ತಿಸ್ತ ವೀಕೋ; ಪುಸ್ತಕದ ಅಂಗಡಿಯವನ ಮಗ, ಅಲ್ಪ ಸಂಬಳದ ಪ್ರಾಧ್ಯಾಪಕ, ಮುಂದೆ ಇತಿಹಾಸದ ತತ್ತ್ವಜ್ಞಾನಕ್ಕೆ ಬುನಾದಿ ಹಾಕಿದ ಮಹಾಮೇಧಾವಿ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಾವು ವೀಕೋನ ಹೆಸರನ್ನು ಒಂದೆರಡು ಪುಟಗಳಲ್ಲಿ ದಾಟಿಬಿಟ್ಟಿದ್ದೆವು. ಆತ ನಮ್ಮ ಸಂತರ ಕಾಲದಲ್ಲಿ, ಅದೇ ಕಟ್ಟಡದಲ್ಲಿ ಪಾಠ ಹೇಳುತ್ತಿದ್ದನೆಂದು ತಿಳಿದದ್ದು ಬಹಳ ತಡವಾಗಿ.

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡುವ ಹೊಣೆ ವೀಕೋನದಾಗಿತ್ತು. 1708ರ ಅಕ್ಟೋಬರ್ 18ರಂದು ಆತ ಮಾಡಿದ ಭಾಷಣದ ವಿಷಯ ತಮ್ಮ ಕಾಲದ ಅಧ್ಯಯನ ಕ್ರಮ. ಮರುವರ್ಷ ಅದು ಪುಸ್ತಕವಾಗಿಯೂ ಹೊರಬಂತು. ಆಗ ಫ್ರಾನ್ಸಿನ ದೇಕಾರ್ತನ ವಿಚಾರಕ್ರಮ ಎಲ್ಲೆಡೆ ಹಬ್ಬುತ್ತಿತ್ತು: ಸಂದೇಹಕ್ಕೆ ಎಡೆಯಿರುವುದನ್ನೆಲ್ಲ ಬದಿಗೊತ್ತಿ, ನಿಸ್ಸಂದಿಗ್ಧವಾದ ಒಂದು ಸತ್ಯದಿಂದ ಆರಂಭಿಸಿ, ರೇಖಾಗಣಿತದಂತೆ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯುವುದು. ಎಳೆಯರಿಗೆ ಇದನ್ನು ಮೊದಲೇ ಕಲಿಸುವುದು ತಪ್ಪೆಂದು ವೀಕೋ ವಾದಿಸಿದನು. ಎಳೆಯ ವಯಸ್ಸಿನ ಬಲವಿರುವುದು ಜ್ಞಾಪಕಶಕ್ತಿಯಲ್ಲಿ, ಕಲ್ಪನೆಯಲ್ಲಿ. ಒಂದು ವಿಷಯಕ್ಕೆ ಸಂಬಂಧಿಸಿದ ಎಲ್ಲ ವಾದಗಳನ್ನೂ, ಪರವಾದವುಗಳನ್ನೂ ವಿರೋಧವಾದವುಗಳನ್ನೂ, ಮೊದಲು ಹುಡುಕಿ ಕೂಡಿಹಾಕುವ ಕಲೆಯನ್ನು ಅವರು ಕಲಿಯಬೇಕು. ಯಾವುದು ನಿಜ, ಯಾವುದು ಸುಳ್ಳು ಎಂದು ತೂಗುವುದು ಆಮೇಲಿನ ಕೆಲಸ. ಕೂಡಿಹಾಕದೆ ತೂಗಹೊರಟವನು ತನ್ನ ಕಣ್ಣಿಗೆ ಬಿದ್ದದ್ದನ್ನಷ್ಟೇ ತೂಗುತ್ತಾನೆ. ವಕೀಲನಿಗಂತೂ ಇದು ಪ್ರಾಣಾಂತಿಕ. ಏಕೆಂದರೆ ಆತ ಎದುರಿಸುವುದು ತ್ರಿಕೋನಗಳನ್ನಲ್ಲ, ಮನುಷ್ಯರ ವ್ಯವಹಾರಗಳನ್ನು.

ಅದೇ ಭಾಷಣದಲ್ಲಿ ಇನ್ನೊಂದು ಮಾತಿದೆ. ಝೆರಾಕ್ಸ್ ಕಟ್ಟು ಹಿಡಿದು ಬರುವ ನಮ್ಮ ಮಕ್ಕಳಿಗೆ ಅದನ್ನು ನಾವು ಆಗಾಗ ಹೇಳುವುದುಂಟು. ಮುದ್ರಣಯಂತ್ರ ಬರುವ ಮೊದಲು ವಿದ್ವಾಂಸರು ಬೇಕಾದ ಗ್ರಂಥಗಳನ್ನು ತಮ್ಮ ಕೈಯಾರೆ ನಕಲು ಮಾಡಿಕೊಳ್ಳಬೇಕಿತ್ತು. ಹಾಗೆ ನಿಧಾನವಾಗಿ, ತಡೆಯಿಲ್ಲದೆ, ಮನನ ಮಾಡುತ್ತ ಬರೆದುಕೊಂಡಾಗ ಗ್ರಂಥಕರ್ತನ ಪರಿಚಯವಷ್ಟೇ ಅಲ್ಲ, ಅವನೊಡನೆ ಒಡನಾಟವೇ ಬೆಳೆಯುತ್ತಿತ್ತು. ಪುಸ್ತಕ ಸುಲಭವಾಗಿ ದೊರೆತ ಮೇಲೆ ಆ ಒಡನಾಟ ಸಡಿಲವಾಯಿತೆಂಬುದು ವೀಕೋನ ಕಳವಳ. ಮುನ್ನೂರು ವರ್ಷಗಳ ಹಿಂದಿನ ಈ ಕಳವಳಕ್ಕೆ ಇಂದು ಇನ್ನಷ್ಟು ಕಾರಣವಿದೆ. ಬೇರೊಬ್ಬರ ಟಿಪ್ಪಣಿಯೆಂದರೆ ಬೇರೊಬ್ಬರು ಜಗಿದ ಅನ್ನ.

ಅಲ್ಫೋನ್ಸರು ಓದಬೇಕಾಗಿದ್ದುದು ಎರಡು ಕಾನೂನುಗಳನ್ನು: ರೋಮನ್ ನಾಗರಿಕ ಕಾನೂನು ಹಾಗೂ ಧರ್ಮಸಭೆಯ ಕಾನೂನು. ಮೊದಲನೆಯದರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆರನೆಯ ಶತಮಾನದಲ್ಲಿ ಸಂಕಲಿಸಿದ ಸಾಗರವೇ ಇದೆ; ಅದರ ಡೈಜೆಸ್ಟ್ ಭಾಗವೊಂದೇ 50 ಸಂಪುಟಗಳದು. ಎರಡನೆಯದರಲ್ಲಿ ಸುಮಾರು 1140ರಲ್ಲಿ ಗ್ರೇಶಿಯನ್ ಜೋಡಿಸಿದ ಸಂಗ್ರಹ, 1234ರಲ್ಲಿ ಪೋಪ್ ಒಂಬತ್ತನೇ ಗ್ರೆಗರಿಯವರಿಗಾಗಿ ಪೆನ್ಯಫೋರ್ಟಿನ ಸಂತ ರೇಮಂಡರು ಸಿದ್ಧಪಡಿಸಿದ ಆಜ್ಞಾಪತ್ರಗಳ ಸಂಕಲನ. ಇವುಗಳ ಜೊತೆಗೆ ನೇಪಲ್ಸಿನ ಸ್ಥಳೀಯ ರೂಢಿಗಳು, ಜಹಗೀರುಗಳ ಕಟ್ಟಳೆಗಳು, ಒಬ್ಬರಾದ ಮೇಲೊಬ್ಬರಂತೆ ಆಳಿದ ರಾಜವಂಶಗಳ ಆದೇಶಗಳು ಬೇರೆ. ಆಯಾ ಕಾಲದ ರಾಜರು ಹೋದರೂ ಅವರ ಕಾನೂನು ಹೋಗುತ್ತಿರಲಿಲ್ಲ. ಒಂದರ ಮೇಲೊಂದು ಪದರವಾಗಿ ಉಳಿಯುತ್ತಿತ್ತು. ಈ ಪದರಗಳೇ ಮುಂದೆ ಅಲ್ಫೋನ್ಸರ ಕಾಲಿಗೆ ತೊಡರಿದವು.

ಇಂಥ ಸಾಗರವನ್ನು ಈಜಲು ಮಧ್ಯಯುಗದ ಗುರುಗಳು ಒಂದು ಕ್ರಮ ಕಂಡುಕೊಂಡಿದ್ದರು. ಹದಿಮೂರನೆಯ ಶತಮಾನದಲ್ಲಿ ಬೊಲೋನ್ಯದ ಪ್ರಾಧ್ಯಾಪಕ ಓಡೊಫ್ರೆಡಸ್ ತನ್ನ ವಿದ್ಯಾರ್ಥಿಗಳಿಗೆ ಪಾಠಕ್ಕೆ ಮೊದಲೇ ಅದನ್ನು ವಿವರಿಸಿದ್ದನು. ಮೊದಲು ಅಧ್ಯಾಯದ ಸಾರವನ್ನು ಹೇಳುವುದು. ಬಳಿಕ ಆಯಾ ಕಾನೂನು ಯಾವ ಪ್ರಸಂಗದಲ್ಲಿ ಹುಟ್ಟಿತೆಂಬುದನ್ನು ಸ್ಪಷ್ಟಪಡಿಸುವುದು. ಆಮೇಲೆ ಮೂಲಪಾಠವನ್ನು ಅಕ್ಷರಶಃ ಓದಿ, ಪ್ರತಿಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳುವುದು. ನಂತರ ಅದರ ಅರ್ಥವನ್ನು ಮತ್ತೊಮ್ಮೆ ಚುಟುಕಾಗಿ ಹೇಳಿ, ಅದಕ್ಕೆ ವಿರೋಧವಾಗಿ ತೋರುವ ಬೇರೆ ಕಾನೂನುಗಳನ್ನು ಎದುರಿಗಿಟ್ಟು, ಆ ವಿರೋಧವನ್ನು ಪರಿಹರಿಸುವುದು. ಕ್ಲಿಷ್ಟವಾದುದಿದ್ದರೆ ಸಂಜೆಯ ಪುನರಾವರ್ತನೆಗೆ ಕಾದಿರಿಸುವುದು. ಇದರ ಗುರುತುಗಳೆಲ್ಲ ಪುಸ್ತಕದ ಅಂಚಿನಲ್ಲಿ ಟಿಪ್ಪಣಿಗಳಾಗಿ ಉಳಿಯುತ್ತಿದ್ದವು. ಅದೇ ಬೊಲೋನ್ಯದ ಅಕ್ಕುರ್ಸಿಯಸ್ ಇಂಥ ಅಂಚಿನ ಟಿಪ್ಪಣಿಗಳನ್ನು ಒಟ್ಟುಗೂಡಿಸಿದಾಗ ಅವು ಸುಮಾರು 96,000ವಾದವು! ನಮ್ಮ ದೇಶದ ಶಾಸ್ತ್ರಗ್ರಂಥಗಳ ಟೀಕೆ, ಟಿಪ್ಪಣಿಗಳನ್ನು ಬಲ್ಲವರಿಗೆ ಇದು ಪರಕೀಯವೆನಿಸದು.

ಈ ಕ್ರಮದಲ್ಲಿ ಓದುಗರು ಗಮನಿಸಬೇಕಾದುದು ಎರಡು ಸಂಗತಿ. ಮೂಲಪಾಠವನ್ನು ಅಕ್ಷರಶಃ ಓದುವುದು ಸಾರವನ್ನು ತಿಳಿದ ಮೇಲೆ ಬರುತ್ತದೆ. ಆದರೆ ಸಾರ ತಿಳಿದಾಯಿತೆಂದು ಅದನ್ನು ಬಿಡುವಂತಿಲ್ಲ. ಎರಡನೆಯದು, ವಿರೋಧವನ್ನು ಹುಡುಕುವುದು ಇಲ್ಲಿ ಎದುರಾಳಿಯ ಕೆಲಸವಲ್ಲ, ಓದುವವನದೇ ಕೆಲಸ.

1713ರ ಜನವರಿ 21ರಂದು ಅಲ್ಫೋನ್ಸರು ಎರಡೂ ಕಾನೂನುಗಳಲ್ಲಿ ಡಾಕ್ಟರ್ ಪದವಿ ಪಡೆದರು. ಪದವಿಗೆ 20 ವರ್ಷ ತುಂಬಿರಬೇಕೆಂಬ ನಿಯಮವಿದ್ದುದರಿಂದ, 16ರ ಹುಡುಗನಿಗೆ ವಿಶೇಷ ವಿನಾಯಿತಿ ಬೇಕಾಯಿತು. ಪದವಿಯ ನಿಲುವಂಗಿ ಅವರಿಗಿಂತ ಉದ್ದವಾಗಿದ್ದು ಕಾಲಿಗೆ ತೊಡರಿ ನೆರೆದವರು ನಕ್ಕರಂತೆ. ಪದವಿ ಬಂದೊಡನೆ ಅವರು ನ್ಯಾಯಾಲಯಕ್ಕೆ ಧಾವಿಸಲಿಲ್ಲ. ನುರಿತ ವಕೀಲರ ಕೈಕೆಳಗೆ ಕೆಲಸ ಕಲಿತರು. ನ್ಯಾಯಾಧಿಪತಿಗಳಾದ ಕರವೀತ ಎಂಬವರ ಮನೆಯಲ್ಲಿ ಸಂಜೆಯ ಹೊತ್ತು ಕಿರಿಯ ವಕೀಲರು ಸೇರಿ ಮೊಕದ್ದಮೆಗಳನ್ನು ಎತ್ತಿಕೊಂಡು ಚರ್ಚಿಸುತ್ತಿದ್ದರು. ಅಲ್ಫೋನ್ಸರು ಆ ಕೂಟಕ್ಕೆ ತಪ್ಪದೆ ಹೋಗುತ್ತಿದ್ದರು. ಇಂದಿನ ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳನ್ನು ಇದಕ್ಕೆ ಹೋಲಿಸಬಹುದು.

ಓದಿನ ನಡುವೆ ಸ್ನೇಹಿತರ ಮನೆಯಲ್ಲಿ ಸ್ವಲ್ಪ ಹೊತ್ತು ಇಸ್ಪೀಟಾಡಲು ತಂದೆಯ ಅನುಮತಿಯಿತ್ತು. ಒಂದು ಸಂಜೆ ಆಟದಲ್ಲಿ ಹೊತ್ತು ಹೋದದ್ದೇ ತಿಳಿಯದೆ ಮಗ ತಡವಾಗಿ ಮನೆಗೆ ಬಂದಾಗ ಮೇಜಿನ ಮೇಲಿದ್ದ ಕಾನೂನು ಗ್ರಂಥಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ತಂದೆ ಇಸ್ಪೀಟಿನ ಕಟ್ಟುಗಳನ್ನು ಜೋಡಿಸಿಟ್ಟು, ನಿನ್ನ ಪಠ್ಯಪುಸ್ತಕಗಳು ಇವೇ ಅಲ್ಲವೇ ಎಂಬಂತೆ ನೋಡಿದರು. ಮುಂದೆ ಅಲ್ಫೋನ್ಸರು ಒಂದು ಕ್ಷಣವನ್ನೂ ವ್ಯರ್ಥಗೊಳಿಸೆನೆಂದು ದೇವರ ಮುಂದೆ ಪ್ರತಿಜ್ಞೆ ಮಾಡಿದಾಗ ಈ ಮೇಜು ಅವರ ನೆನಪಿನಲ್ಲಿ ಇದ್ದಿರಲೇಬೇಕು.

ವಕೀಲಿ ಆರಂಭಿಸುವಾಗ ಅವರು ತಮಗೆ ತಾವೇ ಹನ್ನೆರಡು ನಿಯಮಗಳನ್ನು ಬರೆದಿಟ್ಟುಕೊಂಡರು. ಅನ್ಯಾಯದ ಪಕ್ಷವನ್ನು ಹಿಡಿಯಬಾರದು, ಅಡ್ಡದಾರಿಯಲ್ಲಿ ಗೆಲ್ಲಬಾರದು, ಕಕ್ಷಿದಾರನಿಗೆ ಅನಗತ್ಯ ಖರ್ಚು ಹಾಕಬಾರದು, ಹೊರಲಾರದಷ್ಟು ಕೆಲಸ ಒಪ್ಪಿಕೊಳ್ಳಬಾರದು. ಕಾಗದಪತ್ರಗಳನ್ನು ಚೆನ್ನಾಗಿ ಅಭ್ಯಾಸ ಮಾಡಿಯೇ ವಾದವನ್ನು ಕಟ್ಟಬೇಕು. ವಕೀಲನ ಉದಾಸೀನದಿಂದ ಕಕ್ಷಿದಾರನಿಗೆ ನಷ್ಟವಾದರೆ ಅದನ್ನು ತುಂಬಿಕೊಡಬೇಕಾದವನು ವಕೀಲನೇ. ಅವರ ಕೈಯಲ್ಲಿ ಯಾವ ಮೊಕದ್ದಮೆಯೂ ಸೋತಿರಲಿಲ್ಲವೆಂದು ಚರಿತ್ರೆಕಾರರು ಹೇಳುತ್ತಾರೆ. ನೇಪಲ್ಸಿನ ದೊಡ್ಡ ಮನೆತನಗಳು ಹೆಣ್ಣು ಕೊಡಲು ಮುಂದಾದವು.

1723 ಬಂತು. ಒಬ್ಬ ಕುಲೀನರಿಗೂ ಟಸ್ಕನಿಯ ಮಹಾದೊರೆಗೂ ನಡುವೆ ಜಹಗೀರೊಂದರ ಬಗ್ಗೆ ವ್ಯಾಜ್ಯ. ಪಣದಲ್ಲಿದ್ದ ಆಸ್ತಿ ಸುಮಾರು 5,00,000 ಡುಕಾಟ್ ಬೆಲೆಯದು. 26 ವರ್ಷದ ಅಲ್ಫೋನ್ಸರು ಒಂದು ಪಕ್ಷದ ಮುಖ್ಯ ವಕೀಲರು. ತಿಂಗಳುಗಟ್ಟಲೆ ಕಾಗದಪತ್ರಗಳನ್ನು ಶೋಧಿಸಿ, ಸಾಲು ಸಾಲಾಗಿ ಟಿಪ್ಪಣಿ ಮಾಡಿಕೊಂಡು ಸಿದ್ಧರಾದರು. ವಿಚಾರಣೆಯ ದಿನ ಅವರ ವಾದ ಕೇಳಿದವರು ಗೆಲುವು ಅವರದೇ ಎಂದುಕೊಂಡರು. ಅವರು ಕುಳಿತೊಡನೆ ಎದುರು ಪಕ್ಷದ ವಕೀಲ ಎದ್ದು, ತಾನು ಹೆಚ್ಚೇನೂ ಹೇಳಬೇಕಾಗಿಲ್ಲವೆಂದೂ ಅಲ್ಫೋನ್ಸರು ಒಂದು ಕಾಗದವನ್ನು ಗಮನಿಸಿಲ್ಲವೆಂದೂ ತಿಳಿಸಿ, ಅದನ್ನೇ ಅವರ ಕೈಗಿತ್ತನು.

ಅದು ಅಲ್ಫೋನ್ಸರು ಕಾಣದ ಕಾಗದವಾಗಿರಲಿಲ್ಲ. ಮತ್ತೆ ಮತ್ತೆ ಓದಿದ್ದ ಕಾಗದವೇ. ಆ ಜಹಗೀರು ಲೊಂಬಾರ್ಡ್ ಪದ್ಧತಿಗೆ ಸೇರಿದ್ದೋ ಆಂಜೂ ರಾಜವಂಶದ ಕಟ್ಟಳೆಗೆ ಸೇರಿದ್ದೋ ಎಂಬುದೇ ತಕರಾರಿನ ತಿರುಳೆಂದೂ, ಅದನ್ನು ತೀರ್ಮಾನಿಸುವ ಮಾತು ಆ ಕಾಗದದಲ್ಲಿಯೇ ಇತ್ತೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಪ್ರತಿ ಸಲವೂ ಅವರು ಅದನ್ನು ತಮ್ಮ ಪಕ್ಷಕ್ಕೆ ಅನುಕೂಲವಾದ ಅರ್ಥದಲ್ಲಿಯೇ ಓದಿದ್ದರು. ಈಗ, ಎಲ್ಲರೆದುರು, ಅದು ನೇರ ವಿರುದ್ಧ ಅರ್ಥವನ್ನು ಹೇಳುವುದು ಕಂಡಿತು. ಅವರ ಮುಖ ಬಿಳಿಚಿತು. ತಪ್ಪು ತಮ್ಮದೆಂದು ಅಲ್ಲಿಯೇ ಒಪ್ಪಿಕೊಂಡರು. ನ್ಯಾಯಾಧೀಶರೇ ಸಮಾಧಾನ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಇದು ಕಣ್ತಪ್ಪಲ್ಲ, ಬೇಕೆಂದೇ ಮಾಡಿದ ಮೋಸವೆಂದು ಜನ ತಿಳಿದಾರೆಂಬ ಭಯ ಹಿಡಿಯಿತು. ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಮೂರು ದಿನ ಅನ್ನ ಮುಟ್ಟಲಿಲ್ಲ.

ತೀರ್ಪಿನ ಹಿಂದೆ ಅಧಿಕಾರದ ಪ್ರಭಾವವೂ ಇತ್ತೆಂದು ಇತ್ತೀಚಿನ ಕೆಲವು ಚರಿತ್ರೆಕಾರರು ವಾದಿಸುತ್ತಾರೆ. ಇದ್ದಿರಬಹುದು. ಆದರೆ ಅಲ್ಫೋನ್ಸರು ಅದನ್ನು ನೆಪವಾಗಿ ಬಳಸಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ತಪ್ಪಿದ್ದು ಶ್ರಮವಲ್ಲ, ಜ್ಞಾಪಕಶಕ್ತಿಯಲ್ಲ, ಪ್ರಾಮಾಣಿಕತೆಯಂತೂ ಅಲ್ಲ. ಗೆಲ್ಲಬೇಕೆಂದು ಓದುವವನ ಕಣ್ಣು ತನಗೆ ಬೇಕಾದುದನ್ನು ಹಾಳೆಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಮೊದಲ ಓದಿನಲ್ಲಿ ಒಂದು ಅರ್ಥ ಕಟ್ಟಿಕೊಂಡು ಟಿಪ್ಪಣಿ ಬರೆದರೆ ಎರಡನೆಯ ಸಲ ಓದುವುದು ಮೂಲವನ್ನಲ್ಲ, ನಮ್ಮ ಟಿಪ್ಪಣಿಯನ್ನು. ಹತ್ತನೆಯ ಸಲವೂ ಅಷ್ಟೇ. ವಿರೋಧವನ್ನು ಹುಡುಕುವ ಆ ಹಳೆಯ ಮೆಟ್ಟಿಲನ್ನು ಅವರು ಬಲ್ಲವರೇ. ಆದರೂ ಆ ಒಂದು ಕಾಗದದ ಮಟ್ಟಿಗೆ ಅದನ್ನು ಎದುರಾಳಿಗೆ ಬಿಟ್ಟುಕೊಟ್ಟಿದ್ದರು.

ಸೋಜಿಗವೆಂದರೆ ಅದೇ 1723ರಲ್ಲಿ, ಅದೇ ನಗರದಲ್ಲಿ ವೀಕೋ ಕೂಡ ಸೋತನು. ನಾಗರಿಕ ಕಾನೂನಿನ ಪೀಠಕ್ಕೆ ನಡೆದ ಸ್ಪರ್ಧೆಯಲ್ಲಿ ಆತನ ಬದಲು ಬೇರೊಬ್ಬನು ಆಯ್ಕೆಯಾದನು. ಕಾನೂನಿನ ಬಾಗಿಲು ಮುಚ್ಚಿದ್ದರಿಂದಲೇ ವೀಕೋನಿಂದ 1725ರಲ್ಲಿ ಅವನ ಮಹಾಗ್ರಂಥ ಹೊಸ ವಿಜ್ಞಾನ ಹೊರಬಂತು. ಇನ್ನೊಬ್ಬರಿಂದ ಏನು ಬಂತೆಂಬುದು ಮುಂದಿನ ಕಥೆ.

1723ರ ಆಗಸ್ಟ್ 28ರಂದು ಅಲ್ಫೋನ್ಸರು ವಾಡಿಕೆಯಂತೆ ಅಸಾಧ್ಯ ರೋಗಿಗಳ ಆಸ್ಪತ್ರೆಯಲ್ಲಿ ಸೇವೆ ಮಾಡುತ್ತಿದ್ದಾಗ ಲೋಕವನ್ನು ಬಿಟ್ಟು ಬಾರೆಂಬ ದೇವರ ಕರೆ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿಂದ ನೇರವಾಗಿ ವಿಮೋಚನಾ ಮಾತೆಯ ದೇವಾಲಯಕ್ಕೆ ಹೋಗಿ, ಕುಲೀನತೆಯ ಗುರುತಾದ ತಮ್ಮ ಕತ್ತಿಯನ್ನು ಮಾತೆಯ ಪಾದದಲ್ಲಿಟ್ಟರು. ತಂದೆಯ ದುಃಖ ಹೇಳತೀರದು. 1726ರ ಡಿಸೆಂಬರ್ 21ರಂದು ಗುರುದೀಕ್ಷೆ. ನೇಪಲ್ಸಿನ ಕೂಲಿಕಾರರು, ಬೀದಿಬದಿಯ ಬಡವರು ಸಂಜೆ ಸೇರಿ ಪ್ರಾರ್ಥಿಸುವ ಕೂಟಗಳನ್ನು ಕಟ್ಟಿದರು. ಸ್ಕಾಲದ ಬೆಟ್ಟಗಳಲ್ಲಿ ಧರ್ಮೋಪದೇಶವೇ ತಲುಪದ ಕುರಿಗಾಹಿಗಳನ್ನು ಕಂಡು ಮರುಗಿ, 1732ರ ನವೆಂಬರ್ 9ರಂದು ಅಲ್ಲಿಯೇ ಪರಮ ವಿಮೋಚಕರ ಸಭೆಯನ್ನು ಸ್ಥಾಪಿಸಿದರು. 1749ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಅದರ ನಿಯಮಾವಳಿಗೆ ಅಂಗೀಕಾರ ನೀಡಿದರು.

ಇಷ್ಟರಲ್ಲಿ ಅವರ ಹಳೆಯ ಅಭ್ಯಾಸವೊಂದು ಸದ್ದಿಲ್ಲದೆ ಮುಂದುವರಿದಿತ್ತು. ತಮ್ಮ ಸಭೆಯ ಕಿರಿಯ ಗುರುಗಳಿಗೆ ನೀತಿಶಾಸ್ತ್ರ ಕಲಿಸಲು ಅವರು ಯೇಸುಸಭೆಯ ಜರ್ಮನ್ ಗುರು ಬುಸೆಂಬೌಮರ ಸಣ್ಣ ಕೈಪಿಡಿಯೊಂದನ್ನು ಆರಿಸಿಕೊಂಡರು. ಅದರ ಸಾಲುಗಳಿಗೆ ತಮ್ಮ ಟಿಪ್ಪಣಿಗಳನ್ನು ಸೇರಿಸುತ್ತ ಹೋದರು. 1748ರಲ್ಲಿ ಅಚ್ಚಾದಾಗ ಅದಕ್ಕೆ ಬುಸೆಂಬೌಮರ ಕೈಪಿಡಿಗೆ ಬರೆದ ಟಿಪ್ಪಣಿಗಳೆಂಬ ರೂಪವೇ ಇತ್ತು. ಟಿಪ್ಪಣಿಗಳು ಬೆಳೆದವು, 1753 ಮತ್ತು 1755ರ ಎರಡನೆಯ ಮುದ್ರಣದ ಹೊತ್ತಿಗೆ ಮೂಲವನ್ನು ಮೀರಿದವು. ಅವರ ಜೀವಿತಕಾಲದಲ್ಲೇ ಒಂಬತ್ತು ಮುದ್ರಣಗಳು, ಕೊನೆಯದು 1785ರಲ್ಲಿ. ಧರ್ಮಸಭೆಯ ನೀತಿಶಾಸ್ತ್ರಕ್ಕೆ ಒಂದು ಶತಮಾನಕ್ಕೂ ಮಿಗಿಲಾಗಿ ಆಧಾರವಾದ ಗ್ರಂಥ ಹುಟ್ಟಿದ್ದು ಒಬ್ಬ ಶ್ರದ್ಧಾವಂತ ಅಧ್ಯಾಪಕನ ಪಾಠದ ಟಿಪ್ಪಣಿಯಾಗಿ. ತಲೆನೋವು ತಡೆಯಲಾಗದಿದ್ದಾಗ ತಣ್ಣನೆಯ ಅಮೃತಶಿಲೆಯ ತುಂಡನ್ನು ಒಂದು ಕೈಯಿಂದ ಹಣೆಗೆ ಒತ್ತಿಕೊಂಡು ಇನ್ನೊಂದರಿಂದ ಬರೆಯುತ್ತಿದ್ದರಂತೆ.

ಆ ಗ್ರಂಥವನ್ನು ತೆರೆದವರಿಗೆ ಸೋತ ವಕೀಲ ಏನು ಕಲಿತರೆಂಬುದು ತಿಳಿಯುತ್ತದೆ. ಪ್ರಶ್ನೆಯನ್ನು ಎತ್ತುತ್ತಾರೆ. ಒಂದು ಅಭಿಪ್ರಾಯವನ್ನು ಹಿಡಿದವರು ಯಾರು, ಅವರ ಕಾರಣವೇನು. ವಿರುದ್ಧ ಅಭಿಪ್ರಾಯವನ್ನು ಹಿಡಿದವರು ಯಾರು, ಅವರ ಬಲವೇನು. ಎಷ್ಟೋ ಕಡೆ ಮೂರನೆಯದೂ ಉಂಟು. ಎಲ್ಲರ ಮಾತು ಮುಗಿದ ಮೇಲೆಯೇ ತಮ್ಮ ನಿರ್ಣಯ. ತಾವು ಒಪ್ಪದವನ ವಾದವನ್ನೂ ಅವನೇ ಬಂದು ಹೇಳಿದಷ್ಟು ಬಲವಾಗಿ ಹೇಳುವುದು ಅವರ ರೀತಿ. ಗುರುಮಠದಲ್ಲಿ ತಾವು ಕಲಿತಿದ್ದ ಕಠೋರ ಸಿದ್ಧಾಂತ ಹಳ್ಳಿಗಳ ಪಾಪನಿವೇದನೆಯ ಪೀಠದಲ್ಲಿ ಕುಳಿತಾಗ ನಿಲ್ಲದೆಂದು ಕಂಡು ಅದನ್ನು ಬಿಟ್ಟರು. ಮುದ್ರಣದಿಂದ ಮುದ್ರಣಕ್ಕೆ ತಮ್ಮ ನಿರ್ಣಯಗಳನ್ನು ಬದಲಿಸಿದಾಗ ಅದನ್ನು ಮುಚ್ಚಿಡಲಿಲ್ಲ. ಯಾವ ಯಾವ ಪ್ರಶ್ನೆಗಳಲ್ಲಿ ಮನಸ್ಸು ಬದಲಿಸಿದೆನೆಂಬ ಪಟ್ಟಿಯನ್ನೇ ಅಚ್ಚು ಹಾಕಿಸಿದರು. ತತ್ತ್ವಶಾಸ್ತ್ರ ಓದಿದ ನಮಗೆ ಅವರ ವಾದಗಳಿಗಿಂತ ಈ ಪಟ್ಟಿಯ ಮೇಲೆಯೇ ಹೆಚ್ಚು ಗೌರವ.

ಒಂದು ಉದಾಹರಣೆ ಕೊಡದಿದ್ದರೆ ಓದುಗರಿಗೆ ಅನ್ಯಾಯವಾದೀತು. ಹರಕೆ ಹೊತ್ತೆನೋ ಇಲ್ಲವೋ ಎಂಬುದೇ ಸಂದೇಹವಾಗಿ ಒಬ್ಬನು ಬಂದರೆ ಅವನಿಗೆ ಏನು ಹೇಳಬೇಕು? ರೋಮನ್ ಕಾನೂನಿನಲ್ಲಿ ಒಂದು ಸೂತ್ರವಿದೆ: ಎರಡೂ ಪಕ್ಷ ಸಮವಾಗಿದ್ದಾಗ ಆಸ್ತಿ ಯಾರ ಸ್ವಾಧೀನದಲ್ಲಿದೆಯೋ ಅವರ ಕೈ ಮೇಲು. ಅಲ್ಫೋನ್ಸರು ಇದನ್ನು ಮನಸ್ಸಾಕ್ಷಿಗೆ ಅನ್ವಯಿಸಿದರು. ಹರಕೆಯೇ ಸಂದೇಹವಾದರೆ ಸ್ವಾಧೀನದಲ್ಲಿರುವುದು ಆ ಮನುಷ್ಯನ ಸ್ವಾತಂತ್ರ್ಯ, ಅವನಿಗೆ ಕಟ್ಟುಪಾಡಿಲ್ಲ. ಹರಕೆ ಹೊತ್ತದ್ದು ಖಚಿತ, ತೀರಿಸಿದೆನೋ ಎಂಬುದು ಮಾತ್ರ ಸಂದೇಹವೆಂದರೆ ಸ್ವಾಧೀನದಲ್ಲಿರುವುದು ಕಾನೂನು, ಅವನು ತೀರಿಸಬೇಕು. ಜಹಗೀರು ಯಾರದೆಂದು ವಾದಿಸುತ್ತಿದ್ದ ವಕೀಲರ ಕಸುಬು ಹೀಗೆ ಬಡ ಕುರಿಗಾಹಿಯ ಅಂತರಂಗದ ಕಳವಳವನ್ನು ತೀರಿಸುವ ಸಾಧನವಾಯಿತು.

1762ರಲ್ಲಿ ಅವರು ಒಲ್ಲೆನೆಂದರೂ ಪೋಪರು ಅವರನ್ನು ಸಾಂತ ಆಗಾತ ದೇ ಗೋತಿಯ ಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. 1775ರವರೆಗೆ ಅಲ್ಲಿ ಸೇವೆ. ಸಂಧಿವಾತದಿಂದ ಕುತ್ತಿಗೆ ಬಾಗಿ ಗದ್ದ ಎದೆಗೊತ್ತಿ ಅಲ್ಲಿ ಗಾಯವೇ ಆಯಿತು. ನಿವೃತ್ತರಾಗಿ ಪಗಾನಿಯ ತಮ್ಮ ಮಠಕ್ಕೆ ಮರಳಿದಾಗ ಕಣ್ಣು ಮಂಜು, ಕಿವಿ ಮಂದ. ಅಲ್ಲಿ ಕಾದಿದ್ದುದು ಎರಡನೆಯ ಕಾಗದ.

ಪೋಪರ ಅಂಗೀಕಾರ ದೊರೆತಿದ್ದರೂ ನೇಪಲ್ಸಿನ ಅರಸರ ಮಂಜೂರಾತಿ ಸಭೆಗೆ ದೊರೆತಿರಲಿಲ್ಲ. 1779ರಲ್ಲಿ ಅದು ದೊರೆಯುವ ಸೂಚನೆ ಕಂಡಾಗ ಅಲ್ಫೋನ್ಸರು ಸಂತೋಷದಿಂದ ತಮ್ಮ ಪ್ರತಿನಿಧಿಗಳ ಮೂಲಕ ನಿಯಮಾವಳಿಯನ್ನು ಕಳುಹಿಸಿದರು. ಮಾತುಕತೆಯಲ್ಲಿ ಅದು ಬೇರೆಯೇ ರೂಪ ತಾಳಿತು. ಸಭೆಯ ಜೀವಾಳವಾದ ವ್ರತಗಳೇ ಅದರಿಂದ ಜಾರಿಹೋಗಿದ್ದವು. ಸಣ್ಣ ಅಕ್ಷರದ, ಕಾಟುಗಳು ತುಂಬಿದ ಆ ಹಸ್ತಪ್ರತಿ 83ರ ವೃದ್ಧರ ಮುಂದೆ ಬಂದಾಗ ಮೊದಲ ಕೆಲವು ಸಾಲುಗಳನ್ನು ಓದಲು ಪ್ರಯತ್ನಿಸಿದರು. ಉಳಿದುದಕ್ಕೆ ಕಣ್ಣು ಒಪ್ಪಲಿಲ್ಲ. ತಮ್ಮವರೇ ನೋಡಿ ಎಲ್ಲ ಸರಿಯಿದೆ ಎಂದರು. ನಂಬಿ ಸಹಿ ಹಾಕಿದರು.

1780ರಲ್ಲಿ ಅರಸರ ಮಂಜೂರಾತಿ ಹೊರಬಿದ್ದು ನಿಯಮಾವಳಿ ಮಠಗಳಲ್ಲಿ ಓದಲ್ಪಟ್ಟಾಗ ಕೋಲಾಹಲವಾಯಿತು. ತಮ್ಮ ಒಪ್ಪಿಗೆಯಿಲ್ಲದೆ ನಿಯಮ ಬದಲಾಯಿತೆಂದು ಪೋಪ್ ಆರನೇ ಪಿಯೂಸರು ನೇಪಲ್ಸ್ ರಾಜ್ಯದ ಮಠಗಳನ್ನು ಸಭೆಯಿಂದ ಬೇರ್ಪಡಿಸಿ, ಪೋಪರ ರಾಜ್ಯದಲ್ಲಿದ್ದ ಮಠಗಳಿಗಷ್ಟೇ ಮಾನ್ಯತೆ ಉಳಿಸಿದರು. ಸಭೆಯನ್ನು ಸ್ಥಾಪಿಸಿದವರೇ ಸಭೆಯಿಂದ ಹೊರಗಾದರು. ಅಲ್ಫೋನ್ಸರು ಯಾರನ್ನೂ ದೂರಲಿಲ್ಲ. ಓದಬೇಕಾದುದು ತಮ್ಮ ಕರ್ತವ್ಯವಾಗಿತ್ತೆಂದೂ ತಾವೇ ಓದಲಿಲ್ಲವೆಂದೂ ಹೇಳಿಕೊಂಡು ಅತ್ತರು. ಪೋಪರ ಇಚ್ಛೆಯೇ ದೇವರ ಇಚ್ಛೆಯೆಂದು ತಲೆಬಾಗಿದರು. ವಕೀಲರಾಗಿದ್ದಾಗ ತಮಗೆ ತಾವೇ ಬರೆದುಕೊಂಡ ಆ ನಿಯಮ, ಅಲಕ್ಷ್ಯದಿಂದಾದ ನಷ್ಟಕ್ಕೆ ವಕೀಲನೇ ಹೊಣೆಯೆಂಬುದು, ಇಷ್ಟು ವರ್ಷಗಳ ಬಳಿಕ ಅವರನ್ನು ಹುಡುಕಿಕೊಂಡು ಬಂದಿತ್ತು. ಆದರೆ ಇಲ್ಲಿ ಅಲಕ್ಷ್ಯವೆಲ್ಲಿ? ಕುರುಡಾಗುತ್ತಿದ್ದ ಕಣ್ಣಿಗೆ ದಂಡ ವಿಧಿಸಲು ಅವರದೇ ನೀತಿಗ್ರಂಥ ಒಪ್ಪುತ್ತಿರಲಿಲ್ಲ. ತಮ್ಮ ವಿಷಯದಲ್ಲಿ ಮಾತ್ರ ಅವರು ಆ ಗ್ರಂಥವನ್ನು ತೆರೆಯಲಿಲ್ಲ. ಲೋಕದ ಮನಸ್ಸಾಕ್ಷಿಗಳನ್ನು ಸಂತೈಸಿದವರು ಕೊನೆಯ ವರ್ಷಗಳಲ್ಲಿ ಒಂದೂವರೆ ವರ್ಷ ಕಾಲ ಪಾಪಭೀತಿಯಿಂದ ತಾವೇ ನರಳಿದರು.

1787ರ ಆಗಸ್ಟ್ 1ರಂದು, ಮಧ್ಯಾಹ್ನದ ತ್ರಿಕಾಲ ಪ್ರಾರ್ಥನೆಯ ಗಂಟೆ ಮೊಳಗುವ ಹೊತ್ತಿಗೆ, ಪಗಾನಿಯಲ್ಲಿ ಅವರ ಪ್ರಾಣ ಹೋಯಿತು. ಸಭೆಯ ಎರಡು ಭಾಗಗಳು ಮತ್ತೆ ಒಂದಾದದ್ದು 1793ರಲ್ಲಿ. 1839ರಲ್ಲಿ ಸಂತ ಪದವಿ, 1871ರಲ್ಲಿ ಧರ್ಮಸಭೆಯ ಪಂಡಿತರೆಂಬ ಬಿರುದು, 1950ರಲ್ಲಿ ಪಾಪನಿವೇದನೆಯ ಗುರುಗಳ ಹಾಗೂ ನೀತಿಶಾಸ್ತ್ರಜ್ಞರ ಪಾಲಕ ಸಂತರೆಂಬ ಘೋಷಣೆ ಬಂದವು.

ಕಣ್ಣು ಪೂರ್ತಿ ಸೋತ ಆ ಕೊನೆಯ ದಿನಗಳಲ್ಲಿ ಮಠದ ಸಹೋದರರೊಬ್ಬರು ಅವರಿಗೆ ಪುಸ್ತಕಗಳನ್ನು ಓದಿ ಹೇಳುತ್ತಿದ್ದರು. ಒಂದು ದಿನ ಮರಿಯಮ್ಮನವರ ಮಹಿಮೆಯನ್ನು ಕುರಿತ ಗ್ರಂಥವೊಂದನ್ನು ಬಹಳ ಹೊತ್ತು ಕೇಳಿದ ಮೇಲೆ, ಇಷ್ಟು ಚೆನ್ನಾಗಿ ಬರೆದವರು ಯಾರೆಂದು ಅವರು ವಿಚಾರಿಸಿದರಂತೆ. ಸಹೋದರರು ಮೊದಲ ಪುಟಕ್ಕೆ ತಿರುವಿ ಅಲ್ಲಿದ್ದ ಹೆಸರನ್ನು ಓದಿದರು. ಅದು ಅವರದೇ ಹೆಸರಾಗಿತ್ತು.